ದೂರ ಪ್ರಯಾಣದ ಫೋರ್ ಬೈ ಫೋರ್‌ಗೆ ಆಕ್ಸಲ್ ಅಪ್‌ಗ್ರೇಡ್: ದುರ್ಗ, ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಜಿಪ್ಸಿ, ಥಾರ್, ಬೊಲೆರೊ ಕ್ಯಾಂಪರ್ ಇಟ್ಟುಕೊಂಡವರು, ಹೊಸದಾಗಿ ಜಿಮ್ನಿ, ಗೂರ್ಖಾ ತಗೊಂಡವರು ಆಕ್ಸಲ್ (ಎಡ, ಬಲ ಚಕ್ರಗಳನ್ನು ಹೊತ್ತು ತಿರುಗಿಸುವ ಅಚ್ಚು) ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳೆಲ್ಲ ಒಂದೇ ಬಗೆಯ ಗಾಡಿಗೆ. ವಾರದ ದಿನ ಅದು ತೋಟಕ್ಕೋ ಆಫೀಸಿಗೋ ಓಡಬೇಕು. ರಜೆ ಬಂದಾಗ ಮನೆಮಂದಿ, ಸಾಮಾನು ಎಲ್ಲ ಹೇರಿಕೊಂಡು ಕಛ್‌ಗೋ ಲಡಾಖ್‌ಗೋ ಹೋಗಿ ತನ್ನ ಚಕ್ರದ ಮೇಲೇ ವಾಪಸ್ ಬರಬೇಕು. ಸ್ಪರ್ಧೆಗೆ ಕಟ್ಟುವ ಗಾಡಿಯ ಲೆಕ್ಕವೇ ಬೇರೆ, ಅದನ್ನು ಇಲ್ಲಿ ತಂದಿಲ್ಲ.

ಆಕ್ಸಲ್‌ಗೆ ದುಡ್ಡು ಹಾಕಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಈಗಿರುವ ಆಕ್ಸಲ್ ಹೇಗಿದೆ ಅಂತ ನೋಡುವುದರಿಂದ. ಹಬ್ (ಚಕ್ರ ಕೂರುವ ನಡುಭಾಗ) ಬೇರಿಂಗ್ ಸಡಿಲ ಇದೆ, ಆಯಿಲ್ ಸೀಲ್ ಒಣಗಿದೆ, ಡಿಫ್ (ಎಡ, ಬಲ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್) ಎಣ್ಣೆ ಯಾವಾಗ ಬದಲಿಸಿದ್ದು ಅಂತ ಯಾರಿಗೂ ನೆನಪಿಲ್ಲ. ಅಂಥ ಗಾಡಿಗೆ ದುಬಾರಿ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಡಿಫ್ ಲಾಕ್ ಮಾಡುವ ಸಾಧನ) ಕೂರಿಸಿದರೆ ಹಳೆ ರೋಗದ ಮೇಲೆ ಹೊಸ ಭಾರ ಬೀಳುತ್ತದೆ ಅಷ್ಟೆ. ದೂರದ ದಾರಿಯಲ್ಲಿ ಗಾಡಿ ನಿಲ್ಲಿಸುವುದು ಹೆಚ್ಚಾಗಿ ಸಣ್ಣ ಸಾಮಾನೇ. ಒಂದು ಬೇರಿಂಗ್, ಒಂದು ಸೀಲು, ಒಂದು ಯು.ಜೆ. ಕ್ರಾಸ್ (ಆಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಕೀಲು).

ನಾನು ಹೇಳುವ ಸರದಿ ಇದು. ಮೊದಲು ತಪಾಸಣೆ, ಬೇರಿಂಗ್, ಸೀಲ್, ಎಣ್ಣೆ. ಆಮೇಲೆ ಆಕ್ಸಲ್ ಒಳಗಿನ ಗಾಳಿ ಹೊರಗೆ ಹೋಗುವ ಬ್ರೀದರ್ ಪೈಪ್. ಆಮೇಲೆ ಭಾರಕ್ಕೆ ತಕ್ಕ ಸ್ಪ್ರಿಂಗ್. ಟೈರ್ ಸೈಜ್ ಖಚಿತವಾದ ಮೇಲೆ ಕ್ರೌನ್ ಪಿನಿಯನ್ (ಡಿಫ್ ಒಳಗಿನ ಜೋಡಿ ಗೇರು), ಲಾಕರ್. ಕೊನೆಗೆ ಚಕ್ರ ತಿರುಗಿಸುವ ಶಾಫ್ಟ್, ಅದರ ಹೊರಕವಚವಾದ ಹೌಸಿಂಗ್. ಈ ಸರದಿಯಲ್ಲಿ ಹೋದರೆ ತುಂಬಾ ಜನಕ್ಕೆ ಮೂರನೆಯ ಹಂತದಲ್ಲೇ ಕೆಲಸ ಮುಗಿಯುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳಲ್ಲೂ ಅದೇ ಬರುತ್ತದೆ. ಎಷ್ಟೇ ಗಟ್ಟಿ ಮಾಡಿಸಿದರೂ ಸಾಲಿನಲ್ಲಿ ಒಂದು ಭಾಗ ಉಳಿದವಕ್ಕಿಂತ ದುರ್ಬಲವಾಗಿ ಉಳಿದೇ ಉಳಿಯುತ್ತದೆ. ಅದು ರಸ್ತೆ ಬದಿಯಲ್ಲಿ ಕೂತು ಬಿಚ್ಚಿ ಹಾಕಬಹುದಾದ ಭಾಗವೇ ಆಗಿರುವಂತೆ ನೋಡಿಕೊಳ್ಳಿ.

ಗಾಡಿ ತೂಕ ಹಾಕಿಸಿ ಅಂತೀರಿ. ಆಕ್ಸಲ್‌ಗೂ ಅದಕ್ಕೂ ಏನು ಸಂಬಂಧ?

ಪೂರಾ ಸಂಬಂಧ ಇದೆ. ಟೆಂಟು, ಕ್ಯಾರಿಯರ್, ಎರಡನೇ ಬ್ಯಾಟರಿ, ಕಬ್ಬಿಣದ ಬಂಪರ್, ವಿಂಚ್, 60 ಲೀಟರ್ ನೀರು, ಅದರ ಜೊತೆ ನಾಲ್ಕು ಜನ. ಒಂದೊಂದೇ ನೋಡಿದರೆ ಏನೂ ಅಲ್ಲ ಅನಿಸುತ್ತದೆ. ಕೂಡಿಸಿದರೆ 500 ಕೆ.ಜಿ. ದಾಟುವುದು ಸುಲಭ. ಹೆಚ್ಚಿನ ಸಣ್ಣ ಗಾಡಿಗಳಿಗೆ ಕಂಪನಿ ಕೊಟ್ಟ ಮಿತಿ ಅಲ್ಲಿಗೇ ಮುಗಿದಿರುತ್ತದೆ.

ನಮ್ಮ ಕಡೆ ವೇ ಬ್ರಿಡ್ಜ್‌ಗೆ ಬರ ಇಲ್ಲ. ದಾವಣಗೆರೆಯ ಮೆಕ್ಕೆಜೋಳದ ಲಾರಿ, ಚಳ್ಳಕೆರೆಯ ಶೇಂಗಾ ಲಾರಿ ತೂಗುವ ಜಾಗದಲ್ಲೇ ನಿಮ್ಮ ಗಾಡಿಯನ್ನೂ ತೂಗಬಹುದು. ಪ್ರವಾಸಕ್ಕೆ ಹೊರಟಂತೆ ಎಲ್ಲ ತುಂಬಿ, ಟ್ಯಾಂಕ್ ಫುಲ್ ಮಾಡಿ, ಜನರನ್ನು ಕೂರಿಸಿಕೊಂಡು ಹೋಗಿ. ಮೊದಲು ಇಡೀ ಗಾಡಿ. ಆಮೇಲೆ ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ. ಆಮೇಲೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಮೇಲಿನ ಭಾರ ಕಂಪನಿ ಹೇಳಿದ ಮಿತಿ ಮೀರಿದ್ದರೆ ದಪ್ಪ ಶಾಫ್ಟ್ ಪರಿಹಾರ ಅಲ್ಲ. ಸಾಮಾನು ಇಳಿಸುವುದೇ ಪರಿಹಾರ. ಅದಕ್ಕೆ ಖರ್ಚೂ ಇಲ್ಲ.

ಆಕ್ಸಲ್ ಚೆನ್ನಾಗಿದೆಯಾ ಇಲ್ಲವಾ ಅಂತ ನಾನೇ ನೋಡಬಹುದಾ?

ಖಂಡಿತ. ಮೊದಲು ಹಬ್. ಜ್ಯಾಕ್ ಕೊಟ್ಟು ಚಕ್ರ ನೆಲದಿಂದ ಎತ್ತಿ, ಸ್ಟ್ಯಾಂಡ್ ಇಟ್ಟು, ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಸಡಿಲ. ಮುಂದಿನ ಚಕ್ರ ಆದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಕೂಡ ಇರಬಹುದು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಉಳಿದವು.

ಎರಡನೆಯದು ಡಿಫ್ ಎಣ್ಣೆ. ಒಂದಷ್ಟು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಮೊದಲು ಮೇಲಿನ ಫಿಲ್ಲರ್ ನಟ್ ಸಡಿಲಿಸಿ. ಅದು ಬಿಚ್ಚುತ್ತದೆ ಅಂತ ಖಾತ್ರಿ ಆದಮೇಲೆ ಮಾತ್ರ ಕೆಳಗಿನ ಡ್ರೇನ್ ನಟ್‌ಗೆ ಕೈ ಹಾಕಿ. ಕೆಳಗೆ ಬಿಳಿ ಬೇಸಿನ್ ಇಡಿ, ಎಣ್ಣೆಯ ಬಣ್ಣ ಸರಿಯಾಗಿ ಕಾಣುತ್ತದೆ. ಕಂದು ಅಥವಾ ಕಪ್ಪಾಗಿದ್ದರೆ ಬರೀ ಹಳೆಯದಾಗಿದೆ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಹೊಕ್ಕಿದೆ. ಡ್ರೇನ್ ನಟ್‌ನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಿಗೆ ಹಚ್ಚಿ ಉಜ್ಜಿ. ನುಣ್ಣಗೆ, ಬೂದಿ ಬಣ್ಣದ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೋ, ಕಬ್ಬಿಣದ ಹಲ್ಲಿನ ತುಂಡು ಕಂಡಿತೋ, ಗಾಡಿ ಮುಂದಕ್ಕೆ ಓಡಿಸಬೇಡಿ. ಡಿಫ್ ಬಿಚ್ಚಿಸಿ.

ಮೂರನೆಯದು ಓಡುವಾಗಿನ ಪರೀಕ್ಷೆ. ಹೈವೇಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ನಾಲ್ಕೂ ಹಬ್‌ಗಳ ಹತ್ತಿರ ಕೈ ಹಿಡಿದು ಬಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಒಂದು ಮಾತ್ರ ಉಳಿದ ಮೂರಕ್ಕಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಘಾಟಿ ಇಳಿದ ತಕ್ಷಣ ಮಾತ್ರ ನೋಡಬೇಡಿ, ಬ್ರೇಕಿನ ಕಾವು ಎಲ್ಲ ಕಡೆಯೂ ಇರುತ್ತದೆ.

ಸೆಮಿ ಫ್ಲೋಟಿಂಗ್, ಫುಲ್ ಫ್ಲೋಟಿಂಗ್ ಅಂತಾರಲ್ಲ, ಏನದು? ನನಗೆ ಯಾವುದು ಬೇಕು?

ಹಿರಿಯೂರಿನಿಂದ ಹರಿಹರದವರೆಗೆ ಹೈವೇ ಬದಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ನೋಡಿರುತ್ತೀರಿ. ಎಳೆದೊಯ್ಯುವ ಮುಂಚೆ ಮೆಕ್ಯಾನಿಕ್ ಹಿಂದಿನ ಚಕ್ರದ ನಡುವಿನ ಬೋಲ್ಟ್‌ಗಳನ್ನು ಬಿಚ್ಚಿ, ಉದ್ದದ ಶಾಫ್ಟನ್ನು ಹೊರಗೆ ಎಳೆದುಬಿಡುತ್ತಾನೆ. ಚಕ್ರ ಅಲ್ಲೇ ಇರುತ್ತದೆ, ಲಾರಿಯ ಭಾರವೂ ಚಕ್ರದ ಮೇಲೇ ಇರುತ್ತದೆ. ಅದು ಫುಲ್ ಫ್ಲೋಟಿಂಗ್. ಭಾರ ಹೊರುವುದು ಹೌಸಿಂಗ್ ತುದಿಯಲ್ಲಿ ಕೂತ ಹಬ್ ಮತ್ತು ಎರಡು ಬೇರಿಂಗ್. ಶಾಫ್ಟ್‌ಗೆ ತಿರುಗಿಸುವ ಕೆಲಸ ಮಾತ್ರ.

ನಮ್ಮ ಸಣ್ಣ ಗಾಡಿಗಳ ಹಿಂದಿನ ಆಕ್ಸಲ್ ಬಹುಪಾಲು ಸೆಮಿ ಫ್ಲೋಟಿಂಗ್. ಅಲ್ಲಿ ಶಾಫ್ಟೇ ತಿರುಗಿಸಬೇಕು, ಶಾಫ್ಟೇ ಭಾರವನ್ನೂ ಹೊರಬೇಕು. ಚಕ್ರ ನೇರವಾಗಿ ಶಾಫ್ಟಿನ ತುದಿಗೇ ಬಿಗಿದಿರುತ್ತದೆ. ಬೇರಿಂಗಿನ ಹೊರಗೆ ಮುರಿದರೆ ಚಕ್ರ ಕಳಚುತ್ತದೆ. ಒಳಗೆ ಮುರಿದರೆ, ರಿಟೇನರ್ ಪ್ಲೇಟ್ ಇರುವ ಆಕ್ಸಲ್‌ಗಳಲ್ಲಿ ತುಂಡು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಶಾಫ್ಟಿನ ಒಳತುದಿಯನ್ನು ಸಿ ಕ್ಲಿಪ್ ಹಿಡಿದಿರುವ ಆಕ್ಸಲ್‌ಗಳಲ್ಲಿ ಚಕ್ರ ಸಮೇತ ಹೊರಗೆ ಜಾರುತ್ತದೆ.

ಹಾಗಂತ ಎಲ್ಲರೂ ಫುಲ್ ಫ್ಲೋಟಿಂಗ್‌ಗೆ ಓಡಬೇಕಿಲ್ಲ. ಮಿತಿಯೊಳಗೆ ಭಾರ ಹೇರುವ ಗಾಡಿಗೆ ಸೆಮಿ ಫ್ಲೋಟಿಂಗ್ ವರ್ಷಾನುಗಟ್ಟಲೆ ಬರುತ್ತದೆ. ಹಿಂದೆ ಮನೆಯಂಥ ಬಾಡಿ ಕಟ್ಟಿಸಿ, ಯಾವಾಗಲೂ ತುಂಬಿದ ಭಾರದಲ್ಲೇ ಓಡಾಡುವವರಿಗೆ ಮಾತ್ರ ಫುಲ್ ಫ್ಲೋಟಿಂಗ್ ನಿಜಕ್ಕೂ ಬೇಕು. ಅವರಿಗೂ ನನ್ನ ಸಲಹೆ, ಕಂಪನಿಯಿಂದಲೇ ಅಷ್ಟು ಭಾರಕ್ಕೆ ಬಂದ ದೊಡ್ಡ ಗಾಡಿ ತಗೊಳ್ಳಿ ಅಂತ.

ಟೈರ್ ದೊಡ್ಡದು ಹಾಕಿಸಿದರೆ ಕ್ರೌನ್ ಪಿನಿಯನ್ ಬದಲಾಯಿಸಲೇಬೇಕಾ?

ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ. ಲೆಕ್ಕ ಮಾಡಿ ನೋಡೋಣ. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್ 15. ಅದರ ಎತ್ತರ ಸುಮಾರು 693 ಮಿ.ಮೀ. ಅದಕ್ಕೆ 215/75 ಆರ್ 15 ಹಾಕಿದರೆ ಎತ್ತರ ಸುಮಾರು 703 ಮಿ.ಮೀ. ವ್ಯತ್ಯಾಸ ಬರೀ ಒಂದೂವರೆ ಶೇಕಡಾ. ಏನೂ ಬದಲಾಯಿಸಬೇಕಿಲ್ಲ.

ಈಗ 235/75 ಆರ್ 15 ಇರುವ ಗಾಡಿಗೆ 31 ಇಂಚಿನ ಟೈರ್ ಹಾಕಿದಿರಿ ಅಂದುಕೊಳ್ಳಿ. 733 ಮಿ.ಮೀ. ಇದ್ದದ್ದು ಸುಮಾರು 787 ಆಯಿತು. ಶೇಕಡಾ 7ಕ್ಕಿಂತ ಜಾಸ್ತಿ. ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) 4.10 ಇದ್ದರೆ ಗಾಡಿಗೆ ಅದು 3.82 ಇದ್ದಂತೆ ಅನಿಸುತ್ತದೆ. ಚಡಾವಿನಲ್ಲಿ ಗೇರ್ ಇಳಿಸುವುದು ಹೆಚ್ಚಾಗುತ್ತದೆ, ಕ್ಲಚ್ ಸುಡುತ್ತದೆ, ಸ್ಪೀಡೋಮೀಟರ್ 80 ತೋರಿಸುವಾಗ ನಿಜವಾದ ವೇಗ ಸುಮಾರು 86 ಆಗಿರುತ್ತದೆ. ಮೊದಲಿನ ಎಳೆತ ಬೇಕಾದರೆ ಹಳೆ ರೇಷಿಯೋವನ್ನು ಹೊಸ ಎತ್ತರದಿಂದ ಗುಣಿಸಿ ಹಳೆ ಎತ್ತರದಿಂದ ಭಾಗಿಸಿ. ಇಲ್ಲಿ 4.40ರ ಹತ್ತಿರ ಬರುತ್ತದೆ. ನಿಮ್ಮ ಆಕ್ಸಲ್‌ಗೆ ಅದಕ್ಕೆ ಹತ್ತಿರದ ಯಾವ ಜೋಡಿ ಮಾರುಕಟ್ಟೆಯಲ್ಲಿ ಸಿಗುತ್ತದೆ ಅಂತ ಮೊದಲು ವಿಚಾರಿಸಿ, ಆಮೇಲೆ ಟೈರ್ ತಗೊಳ್ಳಿ. ಜನ ಇದನ್ನು ಉಲ್ಟಾ ಮಾಡುತ್ತಾರೆ.

ಒಂದು ಎಚ್ಚರಿಕೆ. ಮುಂದಿನ ಆಕ್ಸಲ್ ರೇಷಿಯೋ, ಹಿಂದಿನದು ಎರಡೂ ಹೊಂದಬೇಕು. ಹಿಂದೆ ಮಾತ್ರ ಬದಲಾಯಿಸಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ, ಹಿಂದಿನ ಚಕ್ರ ಪರಸ್ಪರ ಎಳೆದಾಡಿ, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಪುಡಿ ಆಗುತ್ತದೆ. ನಾಲ್ಕು ಟೈರೂ ಒಂದೇ ಸೈಜ್, ಒಂದೇ ಮಟ್ಟದ ಸವೆತ ಇರಬೇಕು ಅನ್ನುವುದೂ ಇದೇ ಕಾರಣಕ್ಕೆ.

ಶಾಫ್ಟ್ ಮುರಿಯುವುದು ಎಂಜಿನ್ ಪವರ್ ಜಾಸ್ತಿ ಆದಾಗ ಅಲ್ವಾ? ನನ್ನದು ಸಣ್ಣ ಎಂಜಿನ್.

ಸಣ್ಣ ಎಂಜಿನ್ ಅಂತ ಧೈರ್ಯ ತಗೊಳ್ಳಬೇಡಿ. ಲೋ ರೇಂಜ್ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಫೋರ್ ಬೈ ಫೋರ್ ಗೇರ್), ಫಸ್ಟ್ ಗೇರ್ ಹಾಕಿದಾಗ ಯಾವ ಎಂಜಿನ್ ಆದರೂ ಶಾಫ್ಟ್ ತಿರುಚುವಷ್ಟು ಬಲ ಕೊಡುತ್ತದೆ. ಒಂದು ಉದಾಹರಣೆ ಲೆಕ್ಕ. ಎಂಜಿನ್ 300 ನ್ಯೂಟನ್ ಮೀಟರ್, ಫಸ್ಟ್ ಗೇರ್ 4, ಲೋ ರೇಂಜ್ 2.5, ಆಕ್ಸಲ್ 4. ಎಲ್ಲ ಗುಣಿಸಿದರೆ 12,000 ನ್ಯೂಟನ್ ಮೀಟರ್. ಅಷ್ಟೂ ಶಾಫ್ಟಿಗೆ ಬರುವುದಿಲ್ಲ, ಯಾಕೆಂದರೆ ಅದಕ್ಕೆ ಮುಂಚೆಯೇ ಟೈರ್ ಜಾರುತ್ತದೆ.

ಅಂದರೆ ಶಾಫ್ಟ್ ಮೇಲಿನ ಬಲವನ್ನು ನಿರ್ಧರಿಸುವುದು ಟೈರಿನ ಹಿಡಿತ. ಒಂದು ಚಕ್ರದ ಮೇಲೆ 600 ಕೆ.ಜಿ. ಭಾರ ಇದೆ, ಒಣ ಬಂಡೆಯ ಮೇಲೆ ಒಳ್ಳೆ ಹಿಡಿತ ಇದೆ, ಟೈರ್ 31 ಇಂಚು ಅಂದುಕೊಳ್ಳಿ. ಜಾರುವ ಮುಂಚೆ ಆ ಶಾಫ್ಟ್ ಹೊರುವ ತಿರುಚು ಬಲ ಸುಮಾರು 1,800 ನ್ಯೂಟನ್ ಮೀಟರ್. ಭಾರ ಹೆಚ್ಚಿದರೆ ಅದೂ ಹೆಚ್ಚುತ್ತದೆ. ಟೈರ್ ಎತ್ತರ ಹೆಚ್ಚಿದರೂ ಹೆಚ್ಚುತ್ತದೆ. ಇನ್ನು ಲಾಕರ್ ಹಾಕಿದ್ದೀರಿ, ಆ ಕಡೆ ಚಕ್ರ ಗಾಳಿಯಲ್ಲಿದೆ, ಹಿಂದಿನ ಇಡೀ 1,200 ಕೆ.ಜಿ. ಈ ಒಂದು ಚಕ್ರದ ಮೇಲೆ ಕೂತಿದೆ. ಆಗ ಅದೇ ಶಾಫ್ಟ್ ಮೇಲೆ 3,600 ದಾಟುತ್ತದೆ. ಎಂಜಿನ್ ಅದೇ, ಶಾಫ್ಟ್ ಅದೇ, ಹೊರೆ ಎರಡು ಪಟ್ಟು.

ಇದಕ್ಕಿಂತ ಕೆಟ್ಟದ್ದು ಜರ್ಕ್. ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿರುವಾಗ ಆಕ್ಸಿಲರೇಟರ್ ಬಿಡದೆ ಬಂಡೆ ಮೇಲೆ ಬಿದ್ದರೆ ಒಂದೇ ಏಟಿಗೆ ಶಾಫ್ಟ್ ಹೋಗುತ್ತದೆ. ಕಾಲು ಹಗುರ ಇರುವ ಡ್ರೈವರ್ ಕೈಯಲ್ಲಿ ಕಂಪನಿ ಶಾಫ್ಟೇ ತುಂಬಾ ದಿನ ಬಾಳುತ್ತದೆ.

ಹಾಗಾದರೆ ದಪ್ಪ ಶಾಫ್ಟ್ ಯಾವಾಗ ಹಾಕಿಸಬೇಕು?

ಟೈರ್ ದೊಡ್ಡದಾಗಿ, ಲಾಕರ್ ಕೂತು, ಭಾರವೂ ಮಿತಿಯ ಅಂಚಿಗೆ ಬಂದಾಗ. ದಪ್ಪದ ಲಾಭ ದೊಡ್ಡದು. ತಿರುಚು ಬಲ ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. 28 ಮಿ.ಮೀ. ಇದ್ದದ್ದು 30 ಮಿ.ಮೀ. ಆದರೆ ಬರೀ 2 ಮಿ.ಮೀ. ಹೆಚ್ಚಾಯಿತು ಅನಿಸುತ್ತದೆ, ಶಕ್ತಿ ಮಾತ್ರ ಶೇಕಡಾ 23ರಷ್ಟು ಹೆಚ್ಚುತ್ತದೆ. ಆದರೆ ದಪ್ಪ ಮಾಡಿದರೆ ಡಿಫ್ ಒಳಗಿನ ಸೈಡ್ ಗೇರಿನ ಹಲ್ಲೂ ಅದಕ್ಕೆ ಹೊಂದಬೇಕು. ಅದಕ್ಕೇ ದಪ್ಪ ಶಾಫ್ಟ್, ಲಾಕರ್, ಕ್ರೌನ್ ಪಿನಿಯನ್ ಮೂರನ್ನೂ ಒಂದೇ ಸಲ ಯೋಚಿಸಿ. ಡಿಫ್ ಒಂದೇ ಸಲ ಬಿಚ್ಚಿದರೆ ಲೇಬರ್ ಚಾರ್ಜೂ ಒಂದೇ ಸಲ.

ಎರಡನೇ ದಾರಿ, ಅದೇ ದಪ್ಪದಲ್ಲಿ ಒಳ್ಳೆ ಉಕ್ಕು. ಕ್ರೋಮ್, ಮಾಲಿಬ್ಡಿನಮ್ ಬೆರೆತ ಉಕ್ಕಿನ ಶಾಫ್ಟ್ ಕಂಪನಿ ಶಾಫ್ಟಿನ ಜಾಗಕ್ಕೇ ಕೂರುತ್ತದೆ. ದೂರ ಪ್ರಯಾಣದ ಗಾಡಿಗೆ ನನಗೆ ಹೆಚ್ಚು ಇಷ್ಟ ಇದೇ. ಒಂದು ವೇಳೆ ಮುರಿದರೂ ಯಾವುದೋ ಊರಿನ ಅಂಗಡಿಯಲ್ಲಿ ಸಿಗುವ ಮಾಮೂಲಿ ಶಾಫ್ಟ್ ತಂದು ಹಾಕಿ ಮನೆಗೆ ಬರಬಹುದು. ಬಿಚ್ಚಿದ ಹಳೆ ಶಾಫ್ಟನ್ನು ಗುಜರಿಗೆ ಹಾಕಬೇಡಿ, ಚೆನ್ನಾಗಿದ್ದರೆ ಅದೇ ನಿಮ್ಮ ಸ್ಟೆಪ್ನಿ ಶಾಫ್ಟ್.

ಶಾಫ್ಟ್ ಹೊರಗಿರುವಾಗ ಇನ್ನೊಂದು ಕೆಲಸ ಮಾಡಿ. ಪೇಂಟ್ ಬ್ರಷ್ ತಗೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಬಿಳಿ ಗೆರೆ ಎಳೆಯಿರಿ. ಮುಂದಿನ ಸಲ ಬಿಚ್ಚಿದಾಗ ಆ ಗೆರೆ ಓರೆಯಾಗಿ ಸುತ್ತಿಕೊಂಡಿದ್ದರೆ ಶಾಫ್ಟ್ ಒಳಗೊಳಗೇ ತಿರುಚಿದೆ. ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಮತ್ತೆ ಹಾಕಬೇಡಿ.

ಲೇಥ್‌ನಲ್ಲಿ ಶಾಫ್ಟ್ ಮಾಡಿಸಬಹುದಾ? ಅರ್ಧ ದುಡ್ಡಿಗೆ ಆಗುತ್ತೆ ಅಂತಾರೆ.

ನಮ್ಮ ಕಡೆ ಒಳ್ಳೊಳ್ಳೆ ಲೇಥ್ ಕೆಲಸದವರಿದ್ದಾರೆ, ಅಳತೆಗೆ ತಕ್ಕಂತೆ ಕಡೆದು ಕೊಡುತ್ತಾರೆ. ಆದರೆ ಶಾಫ್ಟಿನ ಗಟ್ಟಿತನ ಬರೀ ಅಳತೆಯಲ್ಲಿ ಇಲ್ಲ. ಯಾವ ಉಕ್ಕು, ಹೀಟ್ ಟ್ರೀಟ್‌ಮೆಂಟ್ ಹೇಗಾಗಿದೆ, ಹಲ್ಲಿನ ಬುಡದಲ್ಲಿ ಚೂಪು ಮೂಲೆ ಉಳಿದಿದೆಯಾ, ಇವೇ ಮುಖ್ಯ. ಮೇಲ್ಮೈ ಗಟ್ಟಿ, ಒಳಗೆ ಸ್ವಲ್ಪ ಮೆದು ಇರಬೇಕು. ಇಡೀ ಶಾಫ್ಟ್ ಗಾಜಿನಷ್ಟು ಗಟ್ಟಿಯಾದರೆ ಪಟ್ ಅಂತ ಮುರಿಯುತ್ತದೆ. ಈ.ಎನ್. 24 ಉಕ್ಕು, ಸರಿಯಾದ ಹೀಟ್ ಟ್ರೀಟ್‌ಮೆಂಟ್, ಅದರ ಗಡಸುತನದ ರಿಪೋರ್ಟ್, ಮೂರನ್ನೂ ಕೊಡುವವರಿದ್ದರೆ ಯೋಚಿಸಿ. ಇಲ್ಲದಿದ್ದರೆ ಬೇಡ. ಮುರಿದ ಶಾಫ್ಟಿಗೆ ವೆಲ್ಡಿಂಗ್ ಮಾಡಿಸಿ ಊರು ಬಿಟ್ಟು ಹೋಗುವುದಂತೂ ಬೇಡವೇ ಬೇಡ.

ಲಾಕರ್ ಬೇಕಾ? ಯಾವ ತರಹದ್ದು?

ಮಾಮೂಲಿ ಡಿಫ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಕಮ್ಮಿ ಬಲ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಲಾಕರ್ ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ಹಾಗಾಗಿ ಒಂದು ಕಡೆ ಬೇಕು ಅಂದರೆ ಹಿಂದಿನ ಆಕ್ಸಲ್‌ಗೇ ಮೊದಲು. ಸ್ಟೀರಿಂಗ್‌ಗೆ ತೊಂದರೆ ಆಗುವುದಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಗಾಡಿಯಲ್ಲಿ ಏನಿದೆ ನೋಡಿ. ಗೂರ್ಖಾಕ್ಕೆ ಹಿಂದೆ, ಮುಂದೆ ಎರಡೂ ಕಡೆ ಡಿಫ್ ಲಾಕ್ ಕಂಪನಿಯಿಂದಲೇ ಬರುತ್ತದೆ. ಥಾರ್‌ನ ಕೆಲವು ಮಾಡೆಲ್‌ಗಳ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫ್ ಇದೆ. ಎರಡು ಚಕ್ರದ ವೇಗದಲ್ಲಿ ವ್ಯತ್ಯಾಸ ಹೆಚ್ಚಾದಾಗ ಅದು ತಾನೇ ಲಾಕ್ ಆಗುತ್ತದೆ. ಜಿಮ್ನಿಯಲ್ಲಿ ಬ್ರೇಕ್ ಹಿಡಿದು ಜಾರುವ ಚಕ್ರವನ್ನು ತಡೆಯುವ ವ್ಯವಸ್ಥೆ ಇದೆ. ದೂರ ಪ್ರಯಾಣಕ್ಕೆ ಇವು ಎಷ್ಟೋ ಸಲ ಸಾಕು.

ಹೊಸದಾಗಿ ಹಾಕಿಸುವುದಾದರೆ ಬಟನ್ ಒತ್ತಿ ಹಾಕುವ, ತೆಗೆಯುವ ಲಾಕರ್ ನನ್ನ ಆಯ್ಕೆ. ಗಾಳಿಯದ್ದಾದರೆ ಕಂಪ್ರೆಸರ್, ಸಣ್ಣ ಪೈಪ್, ಸೀಲ್ ನೋಡಿಕೊಳ್ಳಬೇಕು. ಅದೇ ಕಂಪ್ರೆಸರ್‌ನಿಂದ ಟೈರ್‌ಗೂ ಗಾಳಿ ಹೊಡೆಯಬಹುದು, ಅದು ಲಾಭ. ಕರೆಂಟಿನದ್ದಾದರೆ ವೈರಿಂಗ್ ಚೆನ್ನಾಗಿರಬೇಕು. ತಾನೇ ಲಾಕ್ ಆಗುವ ಬಿಗಿ ಲಾಕರ್‌ಗಳು ಮಳೆಗಾಲದ ಡಾಂಬರು ತಿರುವಿನಲ್ಲಿ ಹಿಂಭಾಗ ಜಾರಿಸಬಹುದು, ಮನೆಮಂದಿ ಕೂರುವ ಗಾಡಿಗೆ ನನಗೆ ಸಮಾಧಾನ ಇಲ್ಲ. ಡಿಫ್ ಒಳಗಿನ ಗೇರುಗಳನ್ನು ವೆಲ್ಡ್ ಮಾಡಿ ಕಾಯಂ ಲಾಕ್ ಮಾಡುವವರಿದ್ದಾರೆ. ರಸ್ತೆಗೆ ಇಳಿಯುವ ಗಾಡಿಗೆ ಅದು ಅಪಾಯ.

ಮುಂದಿನ ಲಾಕರ್ ಹಾಕಿಕೊಂಡು ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದರೆ ಸಿ.ವಿ. ಜಾಯಿಂಟ್ (ಹೊರಳುವ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಕೀಲು) ಒಡೆಯುತ್ತದೆ. ನೇರ ಇದ್ದಾಗ ಮಾತ್ರ ಬಳಸಿ.

ಬ್ರೀದರ್ ಪೈಪ್‌ಗೆ ಅಷ್ಟು ಮಹತ್ವ ಯಾಕೆ?

ಖರ್ಚು ಕಮ್ಮಿ, ಲಾಭ ಜಾಸ್ತಿ, ಅದಕ್ಕೆ. ಆಕ್ಸಲ್ ಹೌಸಿಂಗ್ ಮೇಲೆ ಸಣ್ಣ ಮೂತಿ ಇರುತ್ತದೆ. ಎಣ್ಣೆ ಕಾದಾಗ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಹೈವೇಯಲ್ಲಿ ಓಡಿಸಿಕೊಂಡು ಬಂದು, ಆಕ್ಸಲ್ ಬಿಸಿ ಇರುವಾಗಲೇ ಭದ್ರಾ ನಾಲೆಯ ಹಳ್ಳಕ್ಕೋ ಸೂಳೆಕೆರೆ ಕಡೆಯ ಕೆಸರು ನೀರಿಗೋ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಗ ಬ್ರೀದರ್‌ನಿಂದ, ಸೀಲ್‌ಗಳಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಕೆಸರು ಕಟ್ಟಿ ಬ್ರೀದರ್ ಮುಚ್ಚಿದ್ದರೆ ಇನ್ನೊಂದು ತೊಂದರೆ. ಒಳಗಿನ ಒತ್ತಡಕ್ಕೆ ಎಣ್ಣೆ ಸೀಲ್ ದಾಟಿ ಬ್ರೇಕ್ ಲೈನರ್ ಮೇಲೆ ಇಳಿಯುತ್ತದೆ, ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ.

ಪರಿಹಾರ ಸುಲಭ. ಎಣ್ಣೆ ತಡೆಯುವ ರಬ್ಬರ್ ಪೈಪನ್ನು ಬ್ರೀದರ್‌ಗೆ ಜೋಡಿಸಿ, ಮುಂದಿನದನ್ನು ಬಾನೆಟ್ ಒಳಗೆ ಎತ್ತರಕ್ಕೆ, ಹಿಂದಿನದನ್ನು ಟೇಲ್ ಲ್ಯಾಂಪ್ ಹತ್ತಿರ ಬಾಡಿ ಒಳಗೆ ಒಯ್ದು ತುದಿಗೆ ಸಣ್ಣ ಫಿಲ್ಟರ್ ಹಾಕಿ. ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗಲೂ ಪೈಪ್ ಎಳೆಯಬಾರದು, ಅಷ್ಟು ಉದ್ದ ಬಿಡಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗೂ ಬ್ರೀದರ್ ಇರುತ್ತದೆ, ಅವನ್ನೂ ಮರೆಯಬೇಡಿ.

ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿ ಒಳ್ಳೆಯದಾ, ಇಂಡಿಪೆಂಡೆಂಟ್ ಒಳ್ಳೆಯದಾ?

ಗಟ್ಟಿ ಆಕ್ಸಲ್ ಅಂದರೆ ಎರಡೂ ಚಕ್ರ ಒಂದೇ ಹೌಸಿಂಗ್‌ಗೆ, ಇಂಡಿಪೆಂಡೆಂಟ್ ಅಂದರೆ ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತದೆ. ಜಿಪ್ಸಿ, ಜಿಮ್ನಿ ಎರಡಕ್ಕೂ ಹಿಂದೆ ಮುಂದೆ ಗಟ್ಟಿ ಆಕ್ಸಲ್. ಜಿಪ್ಸಿಗೆ ಪಾಟಾ, ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್. ಥಾರ್‌ನ ಹೆಚ್ಚಿನ ಮಾಡೆಲ್‌ಗಳಿಗೆ ಮುಂದೆ ಇಂಡಿಪೆಂಡೆಂಟ್, ಹಿಂದೆ ಗಟ್ಟಿ ಆಕ್ಸಲ್. ಕಲ್ಲಿನ ದಾರಿಯಲ್ಲಿ ಗಟ್ಟಿ ಆಕ್ಸಲ್ ಬಿಚ್ಚಿ ಕಟ್ಟಲು ಸರಳ. ದಿನಕ್ಕೆ ನೂರಾರು ಕಿಲೋಮೀಟರ್ ಹೈವೇ ಓಡಿಸುವವರಿಗೆ ಇಂಡಿಪೆಂಡೆಂಟ್ ಸುಖ. ಇರುವ ಇಂಡಿಪೆಂಡೆಂಟ್ ತೆಗೆದು ಗಟ್ಟಿ ಆಕ್ಸಲ್ ಕೂರಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಸ್ಟೀರಿಂಗ್ ಜ್ಯಾಮಿತಿ, ಬ್ರೇಕ್, ಎ.ಬಿ.ಎಸ್. ಸೆನ್ಸರ್ ಎಲ್ಲ ಹೊಸದಾಗಿ ಹೊಂದಿಸಬೇಕು. ಆ ದುಡ್ಡಿನಲ್ಲಿ ಒಳ್ಳೆ ಪ್ರವಾಸಗಳೇ ಆಗುತ್ತವೆ.

ಸಸ್ಪೆನ್ಶನ್ ಎತ್ತರಿಸಿದರೆ ಆಕ್ಸಲ್‌ಗೆ ತೊಂದರೆ ಇದೆಯಾ?

ಎರಡು ಇಂಚಿನ ಒಳಗಿದ್ದರೆ ಹೆಚ್ಚಿನ ಗಾಡಿಗಳು ತಡೆಯುತ್ತವೆ. ಅದರ ಮೇಲೆ ಹೋದರೆ ಇಂಡಿಪೆಂಡೆಂಟ್ ಗಾಡಿಯಲ್ಲಿ ಸಿ.ವಿ. ಜಾಯಿಂಟ್ ಯಾವಾಗಲೂ ಓರೆಯಲ್ಲೇ ತಿರುಗಿ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಪಾಟಾ ಗಾಡಿಯಲ್ಲಿ ಪಿನಿಯನ್ ಕೋನ ಬದಲಾಗಿ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ, ಯು.ಜೆ. ಕ್ರಾಸ್ ಬೇಗ ಹೋಗುತ್ತದೆ. ಆಕ್ಸಲ್ ಮತ್ತು ಪಾಟಾ ನಡುವೆ ಓರೆ ಪ್ಲೇಟ್ ಕೊಟ್ಟು ಕೋನ ಸರಿ ಮಾಡಬಹುದು.

ಚಕ್ರ ಹೊರಗೆ ಬರಲಿ ಅಂತ ಸ್ಪೇಸರ್ ಹಾಕಿಸಬಹುದಾ?

ಬೇಡ. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ, ಸೆಮಿ ಫ್ಲೋಟಿಂಗ್ ಆದರೆ ಶಾಫ್ಟ್ ಮೇಲೂ, ಬಗ್ಗಿಸುವ ಬಲ ಹೆಚ್ಚುತ್ತದೆ. ಚಕ್ರವನ್ನು ಹೊರಗೆ ತಳ್ಳುವ ಚಂದದ ರಿಮ್‌ಗೂ ಇದೇ ಮಾತು.

ಮಳೆಗಾಲದಲ್ಲಿ ಹೊಲದಿಂದ ಬಂದಮೇಲೆ ಗಾಡಿ ಗಡಗಡ ನಡುಗುತ್ತೆ. ಆಕ್ಸಲ್ ಬೆಂಡ್ ಆಗಿದೆಯಾ?

ಮೊದಲು ರಿಮ್ ಒಳಗೆ ನೋಡಿ. ದಾವಣಗೆರೆ, ಹರಿಹರದ ಸುತ್ತಿನ ಎರೆ ಮಣ್ಣು ರಿಮ್ ಒಳಗೆ ಮೆತ್ತಿಕೊಂಡು ಒಣಗಿದರೆ ಚಕ್ರದ ಬ್ಯಾಲೆನ್ಸ್ ಪೂರ್ತಿ ಕೆಡುತ್ತದೆ. 60 ದಾಟಿದ ಕೂಡಲೇ ಸ್ಟೀರಿಂಗ್ ನಡುಗುತ್ತದೆ. ಕೋಲಿನಿಂದ ಕೆರೆದು, ನೀರು ಹೊಡೆದು, ಮತ್ತೆ ಓಡಿಸಿ ನೋಡಿ. ಆಗಲೂ ನಡುಗಿದರೆ ಯು.ಜೆ. ಕ್ರಾಸ್, ಆಮೇಲೆ ಬೇರಿಂಗ್.

ನಿಜಕ್ಕೂ ಹೌಸಿಂಗ್ ಬೆಂಡ್ ಆಗಿದ್ದರೆ ಹಿಂದಿನ ಟೈರ್ ಒಂದು ಅಂಚಿನಲ್ಲಿ ಮಾತ್ರ ಸವೆಯುತ್ತದೆ, ಆಯಿಲ್ ಸೀಲ್ ಹೊಸದು ಹಾಕಿದರೂ ಮತ್ತೆ ಮತ್ತೆ ಸೋರುತ್ತದೆ. ಅತಿಭಾರ ಹೇರಿ ಹಳ್ಳಕ್ಕೆ ಬೀಳಿಸಿದ ಗಾಡಿಗಳಲ್ಲಿ ಇದು ಕಾಣುತ್ತದೆ.

ಹೌಸಿಂಗ್‌ಗೆ ಪಟ್ಟಿ ವೆಲ್ಡ್ ಮಾಡಿಸಿ ಗಟ್ಟಿ ಮಾಡಬಹುದಾ?

ಭಾರದ ಗಾಡಿಗೆ ಅದರಿಂದ ಉಪಯೋಗ ಇದೆ, ಆದರೆ ಕೈ ಪಳಗಿದವರೇ ಮಾಡಬೇಕು. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಹೊಡೆದರೆ ಕಾವಿಗೆ ಹೌಸಿಂಗ್ ಬಾಳೆಕಾಯಿಯಂತೆ ಬಗ್ಗುತ್ತದೆ. ಸ್ವಲ್ಪ ಸ್ವಲ್ಪ, ಆ ಕಡೆ ಈ ಕಡೆ, ತಣಿಯಲು ಬಿಟ್ಟು ಮಾಡಬೇಕು. ಶಾಫ್ಟ್, ಸೀಲ್, ಬೇರಿಂಗ್ ಎಲ್ಲ ಮುಂಚೆಯೇ ಹೊರಗೆ ತೆಗೆದಿರಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಅರ್ಥ್ ಕ್ಲಿಪ್ ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಿ. ಮುಗಿದ ಮೇಲೆ ಎರಡೂ ತುದಿ ಒಂದೇ ಗೆರೆಯಲ್ಲಿದೆಯಾ ಅಂತ ಅಳತೆ ಮಾಡಿಸಿ. ಚಿತ್ರದುರ್ಗದ ಬಂಡೆ ದಾರಿಯಲ್ಲಿ ಡಿಫ್ ಇರುವ ಉಬ್ಬಿದ ಭಾಗಕ್ಕೆ ಹೊಡೆತ ಬೀಳುವುದೇ ಚಿಂತೆ ಆದರೆ, ಅದರ ಕೆಳಗೆ ಒಂದು ಸ್ಕಿಡ್ ಪ್ಲೇಟ್ ಸಾಕು.

ಲಾರಿ ಆಕ್ಸಲ್ ಅಥವಾ ಪೋರ್ಟಲ್ ಆಕ್ಸಲ್ ಹಾಕಿದರೆ ಒಂದೇ ಸಲಕ್ಕೆ ಚಿಂತೆ ಮುಗಿಯುತ್ತಲ್ವಾ?

ಇಲ್ಲ. ಲಾರಿ ಆಕ್ಸಲ್‌ನ ತೂಕ ಸ್ಪ್ರಿಂಗ್ ಕೆಳಗೆ ಬರುತ್ತದೆ. ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದಿಡಲಾರದು, ಗಾಡಿ ಕುಣಿಯುತ್ತದೆ, ಬ್ರೇಕ್ ಹೊಂದುವುದಿಲ್ಲ. ಪೋರ್ಟಲ್ ಆಕ್ಸಲ್ ಚಕ್ರದ ಹತ್ತಿರ ಇನ್ನೊಂದು ಗೇರ್ ಪೆಟ್ಟಿಗೆ ಇಟ್ಟು ಹೌಸಿಂಗ್ ಅನ್ನು ಮೇಲಕ್ಕೆ ಎತ್ತುತ್ತದೆ. ಯೂನಿಮಾಗ್ ಅನ್ನುವ ಜರ್ಮನ್ ಟ್ರಕ್‌ನಲ್ಲಿ ಅದು ಮೊದಲಿನಿಂದಲೂ ಇದೆ, ಆ ಕೆಲಸಕ್ಕೆ ಸೊಗಸು. ನಮ್ಮ ಗಾಡಿಗೆ ಅದು ಇನ್ನೂ ನಾಲ್ಕು ಕಡೆ ಎಣ್ಣೆ, ಸೀಲ್, ಬೇರಿಂಗ್ ನೋಡಿಕೊಳ್ಳುವ ಕೆಲಸ ಅಷ್ಟೆ.

ಆರ್.ಟಿ.ಒ. ಕಡೆಯಿಂದ ತೊಂದರೆ ಬರುತ್ತದಾ?

ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿದೆ. ಸೀಲ್, ಬೇರಿಂಗ್, ಅದೇ ಅಳತೆಯ ಶಾಫ್ಟ್ ಬದಲಿಸುವುದು ರಿಪೇರಿ. ಬೇರೆ ಗಾಡಿಯ ಆಕ್ಸಲ್ ಕೂರಿಸುವುದು ಬದಲಾವಣೆ. ನಿಮ್ಮದು ಕೆಎ 16 ಆಗಲಿ ಕೆಎ 17 ಆಗಲಿ, ಎರಡನೆಯದಕ್ಕೆ ಕೈ ಹಾಕುವ ಮುಂಚೆ ಆಫೀಸಿಗೆ ಹೋಗಿ ಬರಹದಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಅಪಘಾತ ಆದಮೇಲೆ ಕ್ಲೇಮ್ ನಿಲ್ಲಿಸಲು ಅವರಿಗೆ ಕಾರಣ ಕೊಡಬೇಡಿ.

ಕ್ರೌನ್ ಪಿನಿಯನ್ ಕೆಲಸ ಯಾರ ಕೈಲಿ ಮಾಡಿಸಲಿ?

ಡಯಲ್ ಗೇಜ್ (ಸೂಕ್ಷ್ಮ ಆಟ ಅಳೆಯುವ ಸಾಧನ) ಇಟ್ಟುಕೊಂಡವರ ಕೈಲಿ. ಅಂದಾಜಿನ ಮೇಲೆ ಕೂರಿಸುವ ಕೆಲಸ ಇದಲ್ಲ. ಕ್ರೌನ್ ಹಲ್ಲು, ಪಿನಿಯನ್ ಹಲ್ಲು ನಡುವಿನ ಆಟ ಸಾಮಾನ್ಯವಾಗಿ ಒಂದು ಮಿ.ಮೀ.ನ ಕಾಲು ಭಾಗಕ್ಕಿಂತ ಕಮ್ಮಿ ಇರುತ್ತದೆ, ಸರಿಯಾದ ಅಂಕಿ ಆಯಾ ಗಾಡಿಯ ಮ್ಯಾನುಯಲ್‌ನಲ್ಲಿದೆ. ಅದು ಕೂತ ಮೇಲೆ ಮೆಕ್ಯಾನಿಕ್ ಕ್ರೌನಿನ ಕೆಲವು ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ, ಕೈಯಲ್ಲಿ ಸ್ವಲ್ಪ ಬಿಗಿ ಹಿಡಿದು ತಿರುಗಿಸುತ್ತಾನೆ. ಪೇಸ್ಟ್ ಒರೆಸಿಹೋದ ಗುರುತು ಹಲ್ಲಿನ ಎತ್ತರದ ನಡುವೆ ಬರಬೇಕು. ತುದಿಗೋ ಬುಡಕ್ಕೋ ಬಂದರೆ ಪಿನಿಯನ್ ಹಿಂದಿನ ಶಿಮ್ (ತೆಳು ಬಿಲ್ಲೆ) ಬದಲಿಸಿ ಮತ್ತೆ ಕೂರಿಸಬೇಕು. ಎರಡು ಮೂರು ಸಲ ಬಿಚ್ಚಿ ಕಟ್ಟುವ ತಾಳ್ಮೆ ಇರುವವರನ್ನೇ ಹುಡುಕಿ. ಆ ಗುರುತಿನ ಫೋಟೋ ಕೇಳಿ ತಗೊಳ್ಳಿ, ಒಳ್ಳೆ ಮೆಕ್ಯಾನಿಕ್ ಖುಷಿಯಿಂದ ಕೊಡುತ್ತಾರೆ.

ಯಾವ ಎಣ್ಣೆ?

ಮ್ಯಾನುಯಲ್‌ನಲ್ಲಿ ಹೇಳಿದ್ದೇ. ಹೆಚ್ಚಿನ ಡಿಫ್‌ಗಳಿಗೆ ಜಿಎಲ್-5 ದರ್ಜೆಯ 80ಡಬ್ಲ್ಯು-90. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫ್ (ಒಂದೇ ಚಕ್ರ ಜಾರುವುದನ್ನು ತಗ್ಗಿಸುವ ಡಿಫ್) ಇದ್ದರೆ ಅದಕ್ಕೆ ಬೇಕಾದ ಅಡಿಟಿವ್ ಇರುವ ಎಣ್ಣೆ. ಉಳಿಯಿತು ಅಂತ ಜಿಎಲ್-5 ಅನ್ನು ಹಳೆ ಗೇರ್ ಬಾಕ್ಸ್‌ಗೆ ಸುರಿಯಬೇಡಿ, ಒಳಗಿನ ಹಿತ್ತಾಳೆ ರಿಂಗ್‌ಗಳಿಗೆ ಕೆಲವು ಸಲ ಅದು ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಎಲ್ಲಿ ಪರೀಕ್ಷೆ ಮಾಡಲಿ?

ಹೊಸ ಕ್ರೌನ್ ಪಿನಿಯನ್ ಆದರೆ ಮೊದಲು ಡಾಂಬರು ರಸ್ತೆ. 20, 25 ಕಿಲೋಮೀಟರ್ ನಿಧಾನ ಓಡಿಸಿ, ಡಿಫ್ ಪೂರ್ತಿ ತಣಿಯಲು ಬಿಡಿ. ಹೀಗೆ ಕೆಲವು ಸಲ ಮಾಡಿ. ಸುಮಾರು 800 ಕಿಲೋಮೀಟರ್ ಆದಮೇಲೆ ಎಣ್ಣೆ ಬದಲಿಸಿ. ಅಲ್ಲಿಯವರೆಗೆ ಭಾರ ಹೇರಬೇಡಿ, ಟ್ರೇಲರ್ ಎಳೆಯಬೇಡಿ.

ಆಮೇಲೆ ಕಚ್ಚಾ ದಾರಿ. ಸ್ವಂತ ಹೊಲ, ಪರಿಚಯದವರ ಜಮೀನು, ಅವರ ಒಪ್ಪಿಗೆ ಕೇಳಿ. ಜೋಗಿಮಟ್ಟಿ ಕಾಡು, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ, ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು ಇವು ಯಾವುವೂ ಗಾಡಿ ಪರೀಕ್ಷೆಯ ಜಾಗ ಅಲ್ಲ. ಒಮ್ಮೆ ಚಕ್ರದ ಗುರುತು ಬಿದ್ದರೆ ಮಳೆ ಕಮ್ಮಿ ಇರುವ ಆ ನೆಲದಲ್ಲಿ ಹುಲ್ಲು ಮತ್ತೆ ಹಿಡಿಯುವುದು ಕಷ್ಟ.

ದೂರ ಹೊರಟಾಗ ಆಕ್ಸಲ್‌ಗೆ ಸಂಬಂಧಿಸಿದ ಯಾವ ಸಾಮಾನು ಜೊತೆಗಿರಬೇಕು?

ಮುಂದೆ ಹಿಂದೆ ಒಂದೊಂದು ಹಬ್ ಬೇರಿಂಗ್ ಸೆಟ್, ಅದರ ಸೀಲ್‌ಗಳು, ಗ್ರೀಸ್. ಎರಡು ಯು.ಜೆ. ಕ್ರಾಸ್, ಸರ್‌ಕ್ಲಿಪ್ ಸಮೇತ. ಎರಡು ಲೀಟರ್ ಡಿಫ್ ಎಣ್ಣೆ, ಒಂದು ಸಿಲಿಕಾನ್ ಟ್ಯೂಬ್, ಚಕ್ರದ ಸ್ಟಡ್ ಮತ್ತು ನಟ್ ಕೆಲವು, ಒಂದು ಸಿ.ವಿ. ಬೂಟ್. ಹಬ್ ನಟ್‌ಗೆ ಸರಿಹೋಗುವ ಬಾಕ್ಸ್ ಸ್ಪ್ಯಾನರ್ ಮರೆಯಬೇಡಿ. ಬೇರಿಂಗ್ ಇದ್ದು ಸ್ಪ್ಯಾನರ್ ಇಲ್ಲದೆ ಕೂತವರು ತುಂಬಾ ಜನ. ಶಾಫ್ಟ್ ಒಯ್ಯುವುದಾದರೆ ಎಡ, ಬಲ ಎರಡರ ಉದ್ದ ಒಂದೇನಾ ಅಂತ ಮೊದಲು ಅಳೆಯಿರಿ. ಬಹಳ ಗಾಡಿಗಳಲ್ಲಿ ಬೇರೆ ಬೇರೆ ಇರುತ್ತದೆ.

ಮುಂದಿನ ಶಾಫ್ಟ್ ಅಥವಾ ಸಿ.ವಿ. ಜಾಯಿಂಟ್ ಮುರಿದಾಗ ಫ್ರೀ ವೀಲ್ ಹಬ್ (ಚಕ್ರವನ್ನು ಮುಂದಿನ ಶಾಫ್ಟಿನಿಂದ ಬಿಡಿಸಬಲ್ಲ ಹಬ್) ಇರುವ ಗಾಡಿಯಾದರೆ ಎರಡೂ ಹಬ್ ಫ್ರೀ ಮಾಡಿ, ಟು ವೀಲ್‌ನಲ್ಲಿ ನಿಧಾನ ಬರಬಹುದು. ಮುರಿದ ತುಂಡು ಒಳಗೆ ಸಿಕ್ಕಿ ಸ್ಟೀರಿಂಗ್ ತಡೆಯುತ್ತಿಲ್ಲ ಅಂತ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಕೊಂಡೇ ಹೊರಡಿ. ಫುಲ್ ಫ್ಲೋಟಿಂಗ್ ಹಿಂದಿನ ಶಾಫ್ಟ್ ಮುರಿದರೆ ತುಂಡುಗಳನ್ನು ಹೊರಗೆ ತೆಗೆದು, ಹಬ್ ಬಾಯಿಗೆ ಮಣ್ಣು ಹೋಗದಂತೆ ಮುಚ್ಚಿ, ಫೋರ್ ವೀಲ್ ಹಾಕಿ ಮುಂದಿನ ಚಕ್ರದ ಬಲದಲ್ಲಿ ಹತ್ತಿರದ ಊರು ಸೇರಬಹುದು. ಸೆಮಿ ಫ್ಲೋಟಿಂಗ್ ಆದರೆ ಆ ದಾರಿ ಇಲ್ಲ. ಚಕ್ರ ಅಲ್ಲಾಡಿದರೂ ಸರಿ, ಓರೆಯಾದರೂ ಸರಿ, ಅಲ್ಲೇ ನಿಲ್ಲಿಸಿ, ಹಿಂದಿನ ಚಕ್ರ ಎತ್ತಿ ಸಾಗಿಸುವ ಗಾಡಿಯನ್ನೇ ಕರೆಸಿ.